ಚಲಿಸುವ ವಾಹನದ ದಿಕ್‌ಸಾಧನೆ

ಹೈದರಾಬಾದಿನ ಕುಷಾಯಿಗೂಡ ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ನಿಂತ ವಾಹನದ ಜಡತ್ವ ಸಂಚರಣ ವ್ಯವಸ್ಥೆಯು ಗುರುತ್ವದಿಂದ ಲಂಬವನ್ನೂ, ಭೂಭ್ರಮಣದ ಕ್ಷಿತಿಜಸಮಾಂತರ ಅಂಶದಿಂದ ಉತ್ತರವನ್ನೂ ಅರಿಯಬೇಕು. ಈ ಅಂಶ ಗಂಟೆಗೆ ಸುಮಾರು 14.3 ಡಿಗ್ರಿ ಮಾತ್ರ. ಅಗ್ಗದ ಗೈರೋಗಳ ದೋಷದಲ್ಲಿ ಅದು ಮುಳುಗಿಹೋಗುತ್ತದೆ. ಆದುದರಿಂದ ವಾಹನವನ್ನು ಚಲಿಸಗೊಟ್ಟು, ಉಪಗ್ರಹಗಳಿಂದ ದೊರೆತ ವೇಗದೊಡನೆ ಜಡತ್ವ ಗಣನೆಯ ವೇಗವನ್ನು ಹೋಲಿಸಲಾಗುತ್ತದೆ. ವೇಗ ಬದಲಾದಾಗ, ತಿರುವು ಬಂದಾಗ ದಿಕ್ಕಿನ ದೋಷ ವ್ಯಕ್ತವಾಗುತ್ತದೆ.

1960ರಲ್ಲಿ ಕಾಲ್ಮನ್ ಮಂಡಿಸಿದ ಶೋಧಕವು ರೇಖೀಯ ಸಂಬಂಧಗಳಿಗೆ ಸಲ್ಲುವಂಥದು. ಆರಂಭದ ದೋಷ ಹತ್ತಾರು ಡಿಗ್ರಿಯಾದರೆ, ಕೋನವೂ ಅದರ ಸೈನೂ ಸಮವೆಂಬ ಗ್ರಹಿಕೆ ಕುಸಿಯುತ್ತದೆ. ಆಗ ಆಯ್ದ ಮಾದರಿ ಬಿಂದುಗಳನ್ನು ಮೂಲ ಸಮೀಕರಣಗಳಲ್ಲಿಯೇ ಹಾಯಿಸುವ ಅರೇಖೀಯ ಶೋಧಕ ನೆರವಾಗುತ್ತದೆ. ಒಂದು ಡಿಗ್ರಿ ತಪ್ಪು ಉಳಿದರೂ, ಉಪಗ್ರಹಸಂಕೇತ ತಲುಪದ ಸುರಂಗದಲ್ಲಿ ವಾಹನದ ಗಣಿತಸ್ಥಾನ ಕಿಲೋಮೀಟರಿಗೆ ಸುಮಾರು 17 ಮೀಟರು ಪಕ್ಕಕ್ಕೆ ಸರಿಯುತ್ತದೆ.