ಎಂಜಿನ್ ಕೂತರೆ ಸಾಲದು

ಇಕ್ಕೇರಿ ಸೀಮೆಯಲ್ಲಿ ಗಾಡಿಗಳ ಆಯುಷ್ಯ ಗಟ್ಟಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆತೋಟಗಳಿಗೆ ಇಳಿಯುವ ಕೆಮ್ಮಣ್ಣಿನ ದಾರಿಗಳಲ್ಲಿ ದುಡಿದ ಹಳೆಯ ಜೀಪನ್ನು, ಎಂಜಿನ್ ಸವೆದ ಮಾತ್ರಕ್ಕೆ ಗುಜರಿಗೆ ಹಾಕಲು ಯಜಮಾನರ ಮನಸ್ಸು ಒಪ್ಪುವುದಿಲ್ಲ. ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಏರಿಸುವರು. ಲಾರಿಗಳಿಗೂ ಈ ಪುನರ್ಜನ್ಮವುಂಟು. (ಸಾರಿಗೆ ಕಚೇರಿಯ ಅನುಮತಿಯಿಲ್ಲದೆ ಹೀಗೆ ಮಾಡುವಂತಿಲ್ಲವೆಂಬುದು ಬೇರೆ ಮಾತು.)

ಹೊಸ ಎಂಜಿನ್ ಗುಡುಗಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವವರೇ ಬಹಳ. ಆದರೆ ಅದರ ಉದ್ದ, ಎತ್ತರ, ಹಿಂದಕ್ಕೆ ಬಾಗಿದ ಓರೆ ಇವು ಹಳೆಯದರಂತೆಯೇ ಇರುವುದು ಅಪರೂಪ. ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಬಲವನ್ನೊಯ್ಯುವ ಪ್ರೊಪೆಲ್ಲರ್ ಶಾಫ್ಟು ಈ ವ್ಯತ್ಯಾಸವನ್ನೆಲ್ಲ ತನ್ನ ಎರಡು ತುದಿಗಳ ಕೀಲುಗಳಲ್ಲಿ ಸಹಿಸಬೇಕು.

ಎರಡು ಕವಲುಗಳನ್ನು ಒಂದು 'ಕ್ರಾಸ್' ಕೂಡಿಸುವ ಈ ಕೀಲು ಹಳೆಯ ಉಪಾಯ. 16ನೆಯ ಶತಮಾನದ ಇಟಲಿಯ ಕಾರ್ಡಾನೋ, 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿವೆ. ಅದರಲ್ಲೊಂದು ಕುಹಕವಿದೆ. ಓರೆಯಾಗಿ ತಿರುಗುವಾಗ, ಒಳಬರುವ ವೇಗ ಒಂದೇ ಸಮನಾಗಿದ್ದರೂ ಹೊರಹೋಗುವ ವೇಗ ಸುತ್ತಿಗೆ ಎರಡು ಬಾರಿ ಏರಿ ಎರಡು ಬಾರಿ ತಗ್ಗುತ್ತದೆ. ಓರೆ 10 ಡಿಗ್ರಿಯಾದರೆ ಈ ಏರಿಳಿತ ನೂರಕ್ಕೆ ಒಂದೂವರೆ. 20 ಡಿಗ್ರಿಯಾದರೆ ನೂರಕ್ಕೆ ಆರು! ಕ್ರಾಸ್ ಸವೆಯುವುದೂ ಗೇರಿನ ಕೋಲು ನಡುಗುವುದೂ ಇದರಿಂದಲೇ.

ಮದ್ದು ಸೊಗಸಾಗಿದೆ. ಎರಡೂ ತುದಿಗಳ ಓರೆ ಸಮನಾಗಿದ್ದು, ಶಾಫ್ಟಿನ ಕವಲುಗಳು ಒಂದೇ ನೇರದಲ್ಲಿದ್ದರೆ ಮುಂದಿನ ಕೀಲು ಮಾಡಿದ ತಪ್ಪನ್ನು ಹಿಂದಿನ ಕೀಲು ತಿದ್ದುತ್ತದೆ. ಎಂದರೆ ಗೇರ್‌ಬಾಕ್ಸಿನ ದಂಡವೂ ಹಿಂದಿನ ಅಚ್ಚಿನ ಮೂತಿಯೂ ಪರಸ್ಪರ ಸಮಾನಾಂತರವಾಗಿರಬೇಕು. ಹಾಗೆಂದು ಓರೆಯೇ ಇಲ್ಲದಂತೆ ಮಾಡಲೂ ಬಾರದು. ಕೀಲಿನೊಳಗಿನ ಸೂಜಿಯಂಥ ಬೇರಿಂಗುಗಳು ಉರುಳದೆ ನಿಂತಲ್ಲೇ ಕುಳಿಬೀಳಿಸುತ್ತವೆ. ಅರ್ಧ ಡಿಗ್ರಿಗಿಂತ ಹೆಚ್ಚು, ಸಾಧ್ಯವಾದರೆ 3 ಡಿಗ್ರಿಯೊಳಗೆ ಇರುವುದು ಕ್ಷೇಮ.

ಅಳತೆಗೆ ದೊಡ್ಡ ಯಂತ್ರ ಬೇಡ. ತೂಗುಗುಂಡು, ಕೋನಮಾಪಕ ಸಾಕು. ಆದರೆ ಗಾಡಿಯನ್ನು ಜಾಕಿಯ ಮೇಲೆತ್ತಿ ಅಳೆದರೆ ಲೆಕ್ಕವೆಲ್ಲ ಸುಳ್ಳು. ಅಡಿಕೆಮೂಟೆಗಳ ಭಾರಕ್ಕೆ ಸ್ಪ್ರಿಂಗಿನ ಪ್ಲೇಟುಗಳು ತಗ್ಗಿ ಶಾಫ್ಟಿನ ಓರೆ ಬೇರೆಯಾಗುವುದರಿಂದ, ಸಮನೆಲದಲ್ಲಿ ಗಾಲಿಗಳ ಮೇಲೆ ನಿಲ್ಲಿಸಿ, ಎಂದಿನ ಹೊರೆ ಹೇರಿಯೇ ನೋಡಬೇಕು. ವ್ಯತ್ಯಾಸ ಕಂಡರೆ ಎಂಜಿನ್ ಕೂರುವ ಆಧಾರವನ್ನು ಏರಿಳಿಸಬೇಕು, ಇಲ್ಲವೆ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಬೆಣೆಯಿಟ್ಟು ಮೂತಿಯನ್ನು ತಿರುಗಿಸಬೇಕು.

ಇಷ್ಟು ಗೊಡವೆ ಯಾಕೆಂದು ಕೇಳುವವರು ಹುಲಿಕಲ್ ಘಾಟಿಯನ್ನೋ ಆಗುಂಬೆಯ ತಿರುವುಗಳನ್ನೋ ನೆನೆಯಲಿ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಕೈಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಶಾಫ್ಟು ಹೊರಡುವ ಜಾಗವನ್ನು. ಹಿಂದಿನ ಗಾಲಿಗಳ ಬಲದಿಂದಷ್ಟೆ ಇಳಿಯುತ್ತಿರುವಾಗ ಕ್ರಾಸ್ ಮುರಿದರೆ, ಎಂಜಿನ್ನಿನ ತಡೆಯೂ ಕೈಬ್ರೇಕೂ ಒಮ್ಮೆಗೇ ಕೈಬಿಡುತ್ತವೆ. ಉಳಿಯುವುದು ಕಾಲ್ಬ್ರೇಕು ಮಾತ್ರ, ಅದೂ ಇಳಿಜಾರಿನುದ್ದಕ್ಕೂ ಕಾದು ಸೋತದ್ದು. ತುಂಡಾದ ಶಾಫ್ಟು ನೆಲಕ್ಕೆ ಇರಿಯದಂತೆ ಅದರ ಮುಂದಿನ ಭಾಗಕ್ಕೆ ಕಬ್ಬಿಣದ ಬಳೆಯೊಂದನ್ನು ಕಟ್ಟಿಸುವುದು ಜಾಣತನ.

ಒಳಗೆ ಕುಳಿತವರಿಗೂ ಒಂದು ಸುಳಿವು ಸಿಗುತ್ತದೆ. ಒಂದು ವೇಗಕ್ಕೆ ಬಂದಾಗ ಕಾಲಡಿಯಲ್ಲಿ ಗುಂಯ್ಗುಡುವ ಸದ್ದು, ಸಮತಟ್ಟು ರಸ್ತೆಯಲ್ಲಿ ಗೇರು ತಪ್ಪಿಸಿದ ಮೇಲೂ ಗಾಡಿಯ ಓಟದೊಂದಿಗೆ ಮುಂದುವರಿದರೆ, ಅದು ಎಂಜಿನ್ನಿನದಲ್ಲ. ಟೈರುಗಳು ಸರಿಯಾಗಿದ್ದಲ್ಲಿ, ಘಾಟಿ ಇಳಿಯುವ ಮೊದಲೇ ಶಾಫ್ಟಿನ ಕೀಲುಗಳನ್ನು ಕೈಯಿಂದ ಅಲುಗಿಸಿ ನೋಡಿಸತಕ್ಕದ್ದು.