ಡಬ್ಲಿನ್‌ನಲ್ಲೊಂದು ಬಾಣಂತನ



ಯುಗಾದಿ ಕೂಟದಲ್ಲಿ ಒಬ್ಬರು ಕೇಳಿದರು, "ಊರಿಂದ ಯಾರೂ ಬರೋಕಾಗದಿದ್ರೆ ಇಲ್ಲಿ ಬಾಣಂತನ ಹೇಗ್ರೀ?" ನಾನು ಸಾಫ್ಟ್‌ವೇರ್ ಬರೆಯುವವನು, ಡಾಕ್ಟರ್ ಅಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇನೆ.

ಅತ್ತೆಯವರ ವಿಮಾನಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಮಗಳು ಹುಟ್ಟಿಬಿಟ್ಟಳು. ನಾವು ಸೇರಿದ್ದು 'ಡೊಮಿನೊ' ಪದ್ಧತಿಗೆ. ಹೆಸರು ಕೇಳಿ ನನಗೂ ಮೊದಲು ಪಿಜ್ಜಾ ನೆನಪಾಯಿತು! ತೊಡಕಿಲ್ಲದ ಬಸುರಿಯಾದರೆ ಮಿಡ್‌ವೈಫ್‌ಗಳ ತಂಡವೇ ತಪಾಸಣೆ, ಹೆರಿಗೆ ಎಲ್ಲವನ್ನೂ ನೋಡಿಕೊಂಡು, ಬೇಗ ಮನೆಗೆ ಕಳಿಸಿ, ಆಮೇಲೆ ಮನೆಗೇ ಬರುತ್ತದೆ. ನಮ್ಮೂರ ಸೂಲಗಿತ್ತಿಯರ ಹಾಗೆ, ಆದರೆ ಡಿಗ್ರಿ, ತಕ್ಕಡಿ ಎರಡೂ ಇರುವವರು.

ಮೂರನೇ ದಿನ ಬಂದವರು ಮಗುವಿನ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದುಕೊಂಡರು. ಹುಟ್ಟಿನಿಂದಲೇ ಬರುವ ಕೆಲವು ಅಪರೂಪದ ಕಾಯಿಲೆಗಳನ್ನು ಪತ್ತೆ ಮಾಡುವ ಈ ಪರೀಕ್ಷೆ 3ರಿಂದ 5 ದಿನಗಳೊಳಗೆ ಆಗಬೇಕು. ಆಮೇಲೆ ತೂಕ. 3.1 ಕೆಜಿ ಇದ್ದವಳು 2.82ಕ್ಕೆ ಇಳಿದಿದ್ದಳು. ನನ್ನ ಎದೆ ಧಸಕ್ಕೆಂದಿತು. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ಎರಡು ವಾರದೊಳಗೆ ಮತ್ತೆ ಏರುತ್ತದೆ, ಶೇಕಡಾ 10 ದಾಟಿದರೆ ಮಾತ್ರ ಹೆಚ್ಚು ಯೋಚನೆ ಎಂದರು. ನಮ್ಮದು 9! ಫೋನಿನಲ್ಲಿ ಅತ್ತೆ, "ಸ್ವಲ್ಪ ಜೇನುತುಪ್ಪ ನೆಕ್ಕಿಸಿ" ಅನ್ನುತ್ತಿದ್ದರು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು ಎಂದು ಆಕೆ ತಡೆದರು. ನಮ್ಮ ಬಣ್ಣದ ಮಕ್ಕಳಲ್ಲಿ ಕಾಮಾಲೆ ಚರ್ಮದಲ್ಲಿ ಸುಲಭವಾಗಿ ಕಾಣುವುದಿಲ್ಲವಂತೆ. ಅದಕ್ಕೇ ಕಿಟಕಿ ಬೆಳಕಿನಲ್ಲಿ ಕಣ್ಣಿನ ಬಿಳಿ, ವಸಡು ನೋಡಿದರು. ನಂತರ ಅರ್ಧ ಗಂಟೆ ಸುಮ್ಮನೆ ಕೂತು ಮಗು ಹಾಲು ಕುಡಿಯುವುದನ್ನು ಗಮನಿಸಿ, ದಿಂಬು ಸರಿಸಿ, ಬಾಯಿ ಅಗಲವಾಗಿ ತೆರೆಯುವಂತೆ ಹಿಡಿಯಲು ಕಲಿಸಿದರು. ಎರಡು ದಿನ ಬಿಟ್ಟು ನೋಡಿದರೆ 2.9.

ಹೊರಡುವಾಗ ನನ್ನ ಹೆಂಡತಿಯ ಪಕ್ಕ ಕೂತು, "ನೀನು ಹೇಗಿದ್ದೀಯ?" ಎಂದು ಕೇಳಿದರು. ಅವಳು ಅತ್ತುಬಿಟ್ಟಳು. ಮೂರು ದಿನದಿಂದ ನಾನಾಗಲಿ, ಊರಿನ ಫೋನುಗಳಾಗಲಿ ಕೇಳಿದ್ದೆಲ್ಲ ಮಗುವಿನ ಬಗ್ಗೆಯೇ. ಆ ಅಳು ಮೊದಲ ವಾರದಲ್ಲಿ ಬಹಳ ಜನಕ್ಕೆ ಬರುತ್ತದೆ, ಎರಡು ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಲೇಬೇಕು ಎಂದರು. ನಮ್ಮಲ್ಲಿ ಇದನ್ನು 'ದೃಷ್ಟಿ' ಎಂದು ತಳ್ಳಿಹಾಕುವುದೇ ಹೆಚ್ಚು.

ಡೊಮಿನೊ ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೂ ಗಾಬರಿ ಬೇಡ. ಆಸ್ಪತ್ರೆಯಿಂದ ಬಂದ 72 ಗಂಟೆಗಳೊಳಗೆ ಪಬ್ಲಿಕ್ ಹೆಲ್ತ್ ನರ್ಸ್ ಮನೆಗೆ ಬರುತ್ತಾರೆ. ಎರಡನೇ ವಾರ ಮಗುವಿಗೆ, ಆರನೇ ವಾರ ತಾಯಿ ಮಗು ಇಬ್ಬರಿಗೂ ಜಿಪಿ ತಪಾಸಣೆ ಉಚಿತ. ವರ್ಕ್ ಪರ್ಮಿಟ್‌ನಲ್ಲಿದ್ದರೂ, ಕನಿಷ್ಠ ಒಂದು ವರ್ಷ ಇಲ್ಲಿರುವವರಾದರೆ ಸಾಕು. ಎದೆಹಾಲು ಕುಡಿಯುವ ಮಗುವಿಗೆ ವರ್ಷವಿಡೀ ದಿನಕ್ಕೆ 5 ಮೈಕ್ರೋಗ್ರಾಂ ವಿಟಮಿನ್ ಡಿ ಹನಿ ಮರೆಯಬೇಡಿ, ಐರ್ಲೆಂಡಿನ ಬಿಸಿಲು ಗೊತ್ತಲ್ಲ!

ಅತ್ತೆ ಬಂದಮೇಲೆ ಅಂಟಿನುಂಡೆ, ಎಣ್ಣೆಸ್ನಾನ ಎಲ್ಲ ನಡೆಯಿತು. ಕೋಣೆಯಲ್ಲಿ ಧೂಪದ ಹೊಗೆಯೊಂದನ್ನು ಮಾತ್ರ ಬಿಟ್ಟೆವು, ಸ್ಮೋಕ್ ಅಲಾರ್ಮ್ ಒಮ್ಮೆ ಕೂಗಿಕೊಂಡ ಮೇಲೆ. ಡೊಮಿನೊ ಬೇಕಿದ್ದವರು ಆಸ್ಪತ್ರೆಗೆ ಹೆಸರು ಬರೆಸುವಾಗಲೇ ಕೇಳಿ, ಜಾಗ ಬೇಗ ತುಂಬುತ್ತದೆ.