ಆನೆಗೆ ಏಟಿದ್ದರೂ ಕ್ಯಾಸ್ಲಿಂಗ್!

ಕಾವೇರಿ ದಂಡೆಯ ದುಬಾರೆ ಶಿಬಿರದಲ್ಲಿ ನಿಜವಾದ ಆನೆಗಳನ್ನು ನೋಡಿಬಂದ ಮಕ್ಕಳಿಗೆ ಚದುರಂಗದ ಆನೆ ಯಾವ ಲೆಕ್ಕ? ಕಂಪ್ಯೂಟರ್ ಪರದೆಯಲ್ಲಂತೂ ಅದು ಕೋಟೆಯ ಬುರುಜಿನಂತೆ ಕಾಣುತ್ತದೆ. ಆದರೆ ಅದು ತಂದಿಡುವ ಪೇಚು ಸಣ್ಣದಲ್ಲ.

ಕ್ಯಾಸ್ಲಿಂಗ್‌ನಲ್ಲಿ ರಾಜ ಆನೆಯತ್ತ ಎರಡು ಮನೆ ಸರಿಯುತ್ತಾನೆ. ಆನೆ ಅವನನ್ನು ದಾಟಿ ಪಕ್ಕದಲ್ಲಿ ನಿಲ್ಲುತ್ತದೆ. ಎರಡೂ ಅದುವರೆಗೆ ಕದಲಿರಬಾರದು, ನಡುವೆ ಬೇರೆ ಕಾಯಿ ಇರಬಾರದು. ಸರಿ, ಆನೆಯ ಮೇಲೆಯೇ ಎದುರಾಳಿಯ ಏಟಿದ್ದರೆ? 1974ರಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಎದುರು ಆಡುತ್ತಿದ್ದ ಕೊರ್ಚ್‌ನಾಯ್ ಅವರಂಥ ಘಟಾನುಘಟಿಗೂ ಈ ಅನುಮಾನ ಬಂತು. ತೀರ್ಪುಗಾರರನ್ನು ಕೇಳಿ ಕ್ಯಾಸ್ಲಿಂಗ್ ಮಾಡಿದರು, ಆ ಆಟ ಗೆದ್ದರು. ಏಟು ಇರಬಾರದ್ದು ರಾಜ ನಿಂತ, ದಾಟುವ, ತಲುಪುವ ಮನೆಗಳಿಗೆ ಮಾತ್ರ.

ಆನ್‌ಲೈನ್ ಆಟದಲ್ಲಿ ಕಂಪ್ಯೂಟರೇ ತೀರ್ಪುಗಾರ. ತಪ್ಪು ನಡೆಯನ್ನು ಅದು ಒಪ್ಪುವುದಿಲ್ಲ. ಆದರೆ ತೀರ್ಪು ಎಲ್ಲ ಕಡೆ ಒಂದೇ ಅಲ್ಲ. ನಿಮ್ಮಲ್ಲಿ ರಾಜ, ಒಂದು ಪದಾತಿ. ಎದುರಾಳಿಯಲ್ಲಿ ರಾಜ, ಒಂದು ಕುದುರೆ. ನಿಮ್ಮ ಸಮಯ ಮುಗಿಯಿತು ಎನ್ನಿ. ಮೂಲೆಯ ರಾಜನ ದಾರಿಯನ್ನು ಅವನದೇ ಪದಾತಿ ಕಟ್ಟಿದರೆ ಒಂಟಿ ಕುದುರೆಯೂ ಚೆಕ್‌ಮೇಟ್ ಮಾಡಬಲ್ಲದು. ಅಂಥ ಸಾಧ್ಯತೆ ಉಳಿದಿದ್ದರೆ ಸಾಕು, ಫಿಡೆ ನಿಯಮದಂತೆ ನಿಮಗೆ ಸೋಲು. ಚೆಸ್ ಡಾಟ್ ಕಾಮ್‌ನಲ್ಲಿ ಅದೇ ಆಟ ಡ್ರಾ.